ಹಾರ್ಮೋನು, ಥೈರಾಯ್ಡ್, ಸಕ್ಕರೆ, ಸ್ಟೀರಾಯ್ಡ್: ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯವರು, ಘಟ್ಟದ ಮೇಲಿನ ಶಿರಸಿ-ಸಿದ್ದಾಪುರದವರು ಮಾತಿಗೆ ಸಿಕ್ಕಾಗ, ಪತ್ರ ಬರೆದಾಗ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಇಟ್ಟಿದ್ದೇವೆ. ಯಾರಿಗೆ ಎಷ್ಟು ಔಷಧಿ ಎಂಬುದನ್ನು ನಿಮ್ಮನ್ನು ನೋಡಿದ ವೈದ್ಯರೇ ಹೇಳಬೇಕು. ಆ ಪ್ರಮಾಣದ ಹಿಂದಿನ ಕಾರಣ ಮತ್ತು ಮನೆಯಲ್ಲಿ ಆಗುವ ಎಡವಟ್ಟುಗಳು ಇಲ್ಲಿವೆ.

## ಮೊದಲು ತಿಳಿಯಬೇಕಾದದ್ದು

ಹಾರ್ಮೋನು ಅಂದ್ರೆ ಎಂತದು? ಅದು ಹೆಂಗಸರಿಗೆ ಮಾತ್ರ ಇರೂದಾ?

ಎಲ್ಲರಿಗೂ ಇರುತ್ತದೆ, ಹುಟ್ಟುವ ಮೊದಲಿನಿಂದಲೂ. ಒಂದು ಗ್ರಂಥಿ ತಯಾರಿಸಿ ನೇರ ರಕ್ತಕ್ಕೆ ಬಿಡುವ, ದೂರದ ಇನ್ನೊಂದು ಅಂಗಕ್ಕೆ "ಹೀಗೆ ಮಾಡು" ಎಂದು ಹೇಳುವ ರಾಸಾಯನಿಕವೇ ಹಾರ್ಮೋನು. ಜೊಲ್ಲು, ಬೆವರಿನ ಗ್ರಂಥಿಗಳಿಗೆ ಕೊಳವೆ ಇದೆ. ಇವಕ್ಕೆ ಇಲ್ಲ, ರಕ್ತವೇ ದಾರಿ. ಮೆದುಳಿನ ಬುಡದಲ್ಲಿ ಸುಮಾರು ಅರ್ಧ ಗ್ರಾಂ ತೂಕದ ಪಿಟ್ಯುಟರಿ, ಕುತ್ತಿಗೆಯ ಮುಂದೆ 15-20 ಗ್ರಾಂ ತೂಕದ ಥೈರಾಯ್ಡ್, ಅದರ ಬೆನ್ನಿಗಂಟಿದ ನಾಲ್ಕು ಪ್ಯಾರಾಥೈರಾಯ್ಡ್, ಮೂತ್ರಪಿಂಡಗಳ ತಲೆಯ ಮೇಲೆ ಅಡ್ರಿನಲ್, ಹೊಟ್ಟೆಯೊಳಗೆ ಮೇದೋಜೀರಕ, ಅಂಡಾಶಯ ಅಥವಾ ವೃಷಣ, ಇವು ಮುಖ್ಯವಾದವು. ಮೂತ್ರಪಿಂಡ, ಕರುಳು, ಹೃದಯ, ಮೈಯ ಕೊಬ್ಬು ಕೂಡ ತಮ್ಮದೇ ಹಾರ್ಮೋನು ಬಿಡುತ್ತವೆ.

1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಇಂಥ ಒಂದು ರಾಸಾಯನಿಕವನ್ನು ಕರುಳಿನಲ್ಲಿ ಗುರುತಿಸಿದರು. ರಕ್ತದಲ್ಲಿ ಹಾರ್ಮೋನಿನ ಪ್ರಮಾಣ ಎಷ್ಟು ಸಣ್ಣದೆಂದರೆ, ಥೈರಾಯ್ಡಿನ ಹಾರ್ಮೋನಾದ ಥೈರಾಕ್ಸಿನ್ 100 ಮಿಲಿ ರಕ್ತದಲ್ಲಿ ಕೆಲಸಕ್ಕೆ ಸಿಗುವಂತೆ ಇರುವುದು ಒಂದು ಗ್ರಾಮಿನ ನೂರು ಕೋಟಿಯಲ್ಲಿ ಸುಮಾರು ಒಂದು ಪಾಲು. ಅದಕ್ಕೇ ಈ ಗುಳಿಗೆಗಳ ವಿಷಯದಲ್ಲಿ "ಅರ್ಧ ಹೆಚ್ಚಾದರೆ ಏನಾಯ್ತು" ಎನ್ನುವ ಹಾಗಿಲ್ಲ.

ಅಷ್ಟು ಸಣ್ಣ ಪ್ರಮಾಣ ಹೆಚ್ಚುಕಮ್ಮಿ ಆಗದ ಹಾಗೆ ಯಾರು ಕಾಯ್ತಾರೆ?

ಯಾರೂ ಕೂತು ಕಾಯುವುದಿಲ್ಲ. ಅಘನಾಶಿನಿ ಬದಿಯ ಗಜನಿ (ಹಿನ್ನೀರಿನ ಗದ್ದೆ) ಒಡ್ಡಿನ ಹಲಗೆ ಬಾಗಿಲು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಭರತ ಬಂದಾಗ ಹೊರಗಿನ ನೀರಿನ ಒತ್ತಡವೇ ಬಾಗಿಲು ಮುಚ್ಚುತ್ತದೆ, ಇಳಿತ ಬಂದಾಗ ಒಳಗಿನ ನೀರೇ ಅದನ್ನು ದೂಡಿ ತೆರೆಯುತ್ತದೆ. ಹಾರ್ಮೋನಿನಲ್ಲೂ ಮಟ್ಟವೇ ಆಜ್ಞೆ. ಪಿಟ್ಯುಟರಿ ಟಿಎಸ್‌ಎಚ್ ಎಂಬ ಹಾರ್ಮೋನು ಬಿಟ್ಟು ಥೈರಾಯ್ಡನ್ನು ಕೆಲಸಕ್ಕೆ ಹಚ್ಚುತ್ತದೆ. ರಕ್ತದಲ್ಲಿ ಥೈರಾಕ್ಸಿನ್ ಸಾಕಷ್ಟಾದ ಕೂಡಲೇ ಆ ಥೈರಾಕ್ಸಿನ್ನೇ ಟಿಎಸ್‌ಎಚ್ಚನ್ನು ತಗ್ಗಿಸುತ್ತದೆ. ಕಾರ್ಟಿಸಾಲ್, ಈಸ್ಟ್ರೋಜನ್, ಟೆಸ್ಟೋಸ್ಟೆರಾನ್ ನಡೆಯುವುದೂ ಬಹುಮಟ್ಟಿಗೆ ಹೀಗೆಯೇ.

"ಥೈರಾಯ್ಡ್ ಹೆಚ್ಚಾಗಿದೆ" ಅಂದ್ರು, ಆಮೇಲೆ ಹಾರ್ಮೋನು ಕಮ್ಮಿ ಅಂತ ಗುಳಿಗೆ ಕೊಟ್ರು. ಯಾವುದು ಸರಿ?

ರಿಪೋರ್ಟಿನಲ್ಲಿ ಹೆಚ್ಚಾಗಿದ್ದು ಟಿಎಸ್‌ಎಚ್. ಥೈರಾಯ್ಡ್ ಸೋತಿದೆ, ಅದನ್ನು ಎಬ್ಬಿಸಲು ಪಿಟ್ಯುಟರಿ ಜೋರಾಗಿ ಕೂಗುತ್ತಿದೆ ಎಂದು ಅದರ ಅರ್ಥ. ಆದ್ದರಿಂದ ಟಿಎಸ್‌ಎಚ್ ಏರಿ ಟಿ4 (ಥೈರಾಕ್ಸಿನ್) ಇಳಿದಿದ್ದರೆ ಹಾರ್ಮೋನು ಕಮ್ಮಿ. ಟಿಎಸ್‌ಎಚ್ ಇಳಿದು ಟಿ4 ಅಥವಾ ಟಿ3 (ಥೈರಾಯ್ಡಿನ ಇನ್ನೊಂದು ಹಾರ್ಮೋನು) ಏರಿದ್ದರೆ ಹಾರ್ಮೋನು ಹೆಚ್ಚು. ದೊಡ್ಡವರಲ್ಲಿ ಟಿಎಸ್‌ಎಚ್ ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸು ಇರುತ್ತದೆ.

ಟಿ4 ಸರಿಯಿದ್ದು ಟಿಎಸ್‌ಎಚ್ 5, 6, 7 ಬಂದವರು ಒಂದೇ ರಿಪೋರ್ಟ್ ಹಿಡಿದು ಜನ್ಮವಿಡೀ ಗುಳಿಗೆ ಶುರು ಮಾಡಬಾರದು. ಜ್ವರದಿಂದ ಚೇತರಿಸಿಕೊಳ್ಳುವಾಗ ಸಹ ಟಿಎಸ್‌ಎಚ್ ಸ್ವಲ್ಪ ಏರುತ್ತದೆ. ಎರಡು-ಮೂರು ತಿಂಗಳು ಬಿಟ್ಟು ಮತ್ತೆ ನೋಡಬೇಕು. 10 ದಾಟಿ ನಿಂತರೆ ಸಾಮಾನ್ಯವಾಗಿ ಔಷಧಿ ಬೇಕು. ಬಸುರಿಯರು ಮತ್ತು ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಮಾತ್ರ ಹೀಗೆ ಕಾಯಬಾರದು, ಕೂಡಲೇ ತೋರಿಸಬೇಕು. ಇನ್ನೊಂದು: ಕೂದಲು ಉದುರುವುದಕ್ಕೆಂದು ಬಯೋಟಿನ್ ಗುಳಿಗೆ ತಿನ್ನುತ್ತಿದ್ದರೆ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ. ಕೆಲವು ಯಂತ್ರಗಳಲ್ಲಿ ಅದು ಲೆಕ್ಕವನ್ನೇ ತಪ್ಪಿಸುತ್ತದೆ.

## ಉಪ್ಪು, ಕಷಾಯ, ಥೈರಾಯ್ಡ್ ಗುಳಿಗೆ

ಸಾಣಿಕಟ್ಟಾ ಉಪ್ಪು ಸಮುದ್ರದ್ದೇ ಅಲ್ವಾ? ಅದ್ರಲ್ಲಿ ಅಯೋಡಿನ್ ತನ್ನಿಂದ ತಾನೇ ಇರೂದಿಲ್ವಾ?

ಇರುತ್ತದೆ, ಆದರೆ ಸಾಲುವುದಿಲ್ಲ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿನಂಶ, ಅಯೋಡಿನ್ ಮಾತ್ರ ಸುಮಾರು 60 ಮೈಕ್ರೋಗ್ರಾಂ. ಆಗರದಲ್ಲಿ ಬಿಸಿಲಿಗೆ ಹರಳುಗಟ್ಟುವಾಗ ಅದರಲ್ಲೂ ಬಹಳಷ್ಟು ಹೋಗುತ್ತದೆ. ಒಂದಿಷ್ಟೂ ಹೋಗಲಿಲ್ಲ ಎಂದೇ ಹಿಡಿದರೂ 5 ಗ್ರಾಂ ಉಪ್ಪಿಗೆ 9 ಮೈಕ್ರೋಗ್ರಾಂ ದಾಟುವುದಿಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150, ಬಸುರಿಗೆ 250. ಅಯೋಡಿನ್ ಬೆರೆಸಿದ ಉಪ್ಪಿನಲ್ಲಿ ಮನೆಗೆ ಬರುವ ಹೊತ್ತಿಗೆ ಗ್ರಾಮಿಗೆ ಕನಿಷ್ಠ 15 ಮೈಕ್ರೋಗ್ರಾಂ ಇರಬೇಕೆಂದು ನಿಯಮವಿದೆ. 5 ಗ್ರಾಮಿಗೆ 75 ಆಯಿತು. ಉಳಿದದ್ದು ಮೀನು, ಮೊಟ್ಟೆ, ಹಾಲಿನಿಂದ ಬರಬೇಕು.

ಹಾಗಾಗಿ ಬಂಗಡೆ, ತಾರ್ಲೆ, ಸಿಗಡಿ ದಿನವೂ ಬೀಳುವ ಕಾರವಾರದ ಮನೆಗಿಂತ, ಮೀನು ತಿನ್ನದ ಶಿರಸಿ-ಯಲ್ಲಾಪುರದ ಮನೆಗೆ ಅಯೋಡಿನ್ ಉಪ್ಪು ಹೆಚ್ಚು ಅಗತ್ಯ. ಜೋರು ಮಳೆ ಬೀಳುವ ಗುಡ್ಡದ ನೆಲದಲ್ಲಿ ಅಯೋಡಿನ್ ತೊಳೆದು ಹೋಗಿರುತ್ತದೆ, ಅಲ್ಲಿ ಬೆಳೆದ ತರಕಾರಿಯಲ್ಲೂ ಅದು ಕಮ್ಮಿ. ಭಾರತ 1962ರಲ್ಲೇ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿದ್ದು ಇದೇ ಕಾರಣಕ್ಕೆ.

ಅಪ್ಪೆಮಿಡಿ ಉಪ್ಪಿನಕಾಯಿಗೆ, ಮೀನು ಒಣಗಿಸಲಿಕ್ಕೆ ಹರಳುಪ್ಪೇ ಇರಲಿ. ಸಾರು, ಪಲ್ಯ, ಗಂಜಿಗೆ ಅಯೋಡಿನ್ ಉಪ್ಪು ಬಳಸಿ. ಒಲೆಯ ಪಕ್ಕ ಬಾಯಿ ತೆರೆದ ಮರಿಗೆಯಲ್ಲಿಟ್ಟ ಉಪ್ಪು ಮಳೆಗಾಲದ ಥಂಡಿಗೆ ನೀರೊಡೆದು ಅಯೋಡಿನ್ ಕಳೆದುಕೊಳ್ಳುತ್ತದೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ, ಅಡುಗೆ ಇಳಿಸುವ ಹೊತ್ತಿಗೆ ಹಾಕಿ.

ಥೈರಾಯ್ಡ್ ಗುಳಿಗೆ ತಗಂಡ ಮೇಲೆ ಎಷ್ಟು ಹೊತ್ತಿಗೆ ಕಷಾಯ ಕುಡಿಬಹುದು?

ಗುಳಿಗೆ ಬರೀ ನೀರಿನಲ್ಲಿ, ಖಾಲಿ ಹೊಟ್ಟೆಗೆ. ಆಮೇಲೆ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಏನೂ ಬೇಡ. ಎದ್ದ ಕೂಡಲೇ ಹಾಲು-ಬೆಲ್ಲ ಹಾಕಿದ ಕೊತ್ತಂಬರಿ-ಜೀರಿಗೆ ಕಷಾಯ ಕುಡಿದು, ಅದರ ಹಿಂದೆಯೇ ಗುಳಿಗೆ ನುಂಗುವವರು ಬಹಳ. ಹಾಲಿನ ಕ್ಯಾಲ್ಸಿಯಂ ಈ ಗುಳಿಗೆಯಲ್ಲಿರುವ ಲೆವೊಥೈರಾಕ್ಸಿನ್ನನ್ನು ಕರುಳಿನಲ್ಲೇ ಹಿಡಿದಿಡುತ್ತದೆ. ಕಾಫಿ ಕೂಡ ಹೀರುವಿಕೆ ತಗ್ಗಿಸುತ್ತದೆ. ಇಂಥವರ ಟಿಎಸ್‌ಎಚ್ ಇಳಿಯುವುದಿಲ್ಲ, ಔಷಧಿ ಏರುತ್ತಾ ಹೋಗುತ್ತದೆ. ಆಮೇಲೆ ಯಾವತ್ತೋ ಹೊತ್ತು ಸರಿಯಾಗಿ ಪಾಲಿಸಿದಾಗ ಅದೇ ಔಷಧಿ ಹೆಚ್ಚಾಗಿ ಎದೆ ಹೊಡೆದುಕೊಳ್ಳತೊಡಗುತ್ತದೆ.

ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗೆ ಇದಕ್ಕಿಂತ ದೊಡ್ಡ ಅಂತರ ಬೇಕು, ನಾಲ್ಕು ಗಂಟೆ. ಬೆಳಿಗ್ಗೆ ಕೊಟ್ಟಿಗೆ, ತೋಟ ಅಂತ ಹೊತ್ತು ಸಿಗದವರು ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು ಮಲಗುವಾಗ ತೆಗೆದುಕೊಳ್ಳಬಹುದು. ಯಾವ ಹೊತ್ತಾದರೂ ಸರಿ, ದಿನವೂ ಅದೇ ಇರಲಿ. ಈ ಔಷಧಿ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು. ಹಾಗಾಗಿ ಒಂದು ದಿನ ಮರೆತರೆ ಗಾಬರಿ ಬೇಡ. ಪ್ರಮಾಣ ಬದಲಿಸಿ ಹದಿನೈದೇ ದಿನಕ್ಕೆ ರಕ್ತ ಕೊಟ್ಟರೂ ಪ್ರಯೋಜನವಿಲ್ಲ, ಆರರಿಂದ ಎಂಟು ವಾರ ಕಾಯಬೇಕು. ಬಾಟಲಿಯಲ್ಲಿ ಬರುವ ಗುಳಿಗೆಯಾದರೆ ಮುಚ್ಚಳ ಬಿಗಿಯಾಗಿರಲಿ, ಒಳಗಿನ ತೇವ ಹೀರುವ ಪೊಟ್ಟಣ ಎಸೆಯಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಹವೆಗೆ ಈ ಗುಳಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ.

ಬಸುರಿಯಾದ ಮೇಲೆ ಥೈರಾಯ್ಡ್ ಗುಳಿಗೆ ನಿಲ್ಲಿಸಬೇಕಾ?

ನಿಲ್ಲಿಸಲೇಬಾರದು. ಮೊದಲ ಮೂರು ತಿಂಗಳು ಮಗುವಿನ ಮೆದುಳಿಗೆ ತಾಯಿಯ ಥೈರಾಕ್ಸಿನ್ನೇ ಆಧಾರ. ಬಸಿರು ಗೊತ್ತಾದ ದಿನವೇ ವೈದ್ಯರಿಗೆ ತಿಳಿಸಿ. ಹೆಚ್ಚಿನವರಿಗೆ ಪ್ರಮಾಣವನ್ನು ಕಾಲು ಭಾಗದಷ್ಟು ಏರಿಸಬೇಕಾಗುತ್ತದೆ. ಹುಟ್ಟಿದ ಮಗುವಿಗೂ ಮೊದಲ ವಾರದೊಳಗೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಹುಟ್ಟಿನಿಂದಲೇ ಥೈರಾಯ್ಡ್ ಇಲ್ಲದ ಮಗು ಮೊದಮೊದಲು ಆರೋಗ್ಯವಾಗಿಯೇ ಕಾಣುತ್ತದೆ. ಎರಡು ವಾರದೊಳಗೆ ಔಷಧಿ ಶುರುವಾದರೆ ಬುದ್ಧಿ ಉಳಿಯುತ್ತದೆ.

ಕೋಸು, ಮರಗೆಣಸು ಬಿಡಬೇಕಾ?

ಬೇಯಿಸಿ, ಮಿತವಾಗಿ ತಿಂದರೆ ಬೇಡ. ಅಯೋಡಿನ್ ಸಾಕಷ್ಟು ಸಿಗುವ ಮನೆಯಲ್ಲಿ ಇವುಗಳಿಂದ ತೊಂದರೆಯಿಲ್ಲ.

## ಸಕ್ಕರೆ ಮತ್ತು ಇನ್ಸುಲಿನ್

ನಾನು ಸಿಹಿ ಮುಟ್ಟೂದೇ ಇಲ್ಲ. ಶುಗರ್ ಹೇಗೆ ಬಂತು?

ಅನ್ನ ಹೊಟ್ಟೆಗೆ ಹೋದ ಮೇಲೆ ಗ್ಲೂಕೋಸೇ. ಮೇದೋಜೀರಕದ ಬೀಟಾ ಕೋಶಗಳು ಇನ್ಸುಲಿನ್ ಬಿಡುತ್ತವೆ. ಅದು ಸ್ನಾಯು ಮತ್ತು ಕೊಬ್ಬಿನ ಕೋಶಗಳೊಳಗೆ ಗ್ಲೂಕೋಸ್ ಹೋಗುವಂತೆ ಮಾಡುತ್ತದೆ, ಯಕೃತ್ತಿಗೆ (ಲಿವರ್) "ಸಕ್ಕರೆ ಬಿಡಬೇಡ" ಎನ್ನುತ್ತದೆ. ಸೊಂಟದ ಸುತ್ತ ಕೊಬ್ಬು ತುಂಬಿದಾಗ ಈ ಮಾತು ಕೋಶಗಳಿಗೆ ಕೇಳಿಸುವುದಿಲ್ಲ. ಹಲವು ವರ್ಷ ಇನ್ಸುಲಿನ್ ಹೆಚ್ಚೇ ಬರುತ್ತಿರುತ್ತದೆ, ಸಕ್ಕರೆ ಸರಿಯಾಗೇ ಕಾಣುತ್ತದೆ. ಬೀಟಾ ಕೋಶಗಳು ಸೋತಾಗ ಏರುತ್ತದೆ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಉಜ್ಜಿದರೂ ಹೋಗದ ದಪ್ಪ ಕಪ್ಪು ಕೊಳೆಯಲ್ಲ, ಇನ್ಸುಲಿನ್ ಹೆಚ್ಚಾಗಿದೆ ಎಂಬ ಗುರುತು.

ಬರಿ ಹೊಟ್ಟೆಯ ಸಕ್ಕರೆ 126 ಅಥವಾ ಹೆಚ್ಚು, ಗ್ಲೂಕೋಸ್ ಕುಡಿದ ಎರಡು ಗಂಟೆಗೆ 200 ಅಥವಾ ಹೆಚ್ಚು, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) 6.5 ಅಥವಾ ಹೆಚ್ಚು: ಇವು ಮಧುಮೇಹದ ಗೆರೆ. ಲಕ್ಷಣ ಇಲ್ಲದವರಲ್ಲಿ ಎರಡನೇ ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳಬೇಕು. ಕುಚ್ಚಲಕ್ಕಿ ಬೆಳ್ತಿಗೆಗಿಂತ ನಿಧಾನ ಕರಗುತ್ತದೆ, ನಿಜ. ಆದರೆ ಕುಚ್ಚಲಕ್ಕಿ ಅಂತ ಎರಡು ಪಟ್ಟು ಉಂಡರೆ ಆ ಲಾಭ ಉಳಿಯುವುದಿಲ್ಲ. ಗಂಜಿಯ ಜೊತೆ ಬರೀ ಉಪ್ಪಿನಕಾಯಿ ಬದಲು ಮೀನು, ಹೆಸರುಕಾಳು ಅಥವಾ ಸೊಪ್ಪು ಇರಲಿ.

ಬೋಟಿಗೆ ಹೋಗುವವರು ಇನ್ಸುಲಿನ್ ಮೀನಿನ ಐಸ್‌ನಲ್ಲಿ ಇಟ್ಕೊಂಡ್ರೆ ಆಗೂದಾ?

ಆಗುವುದಿಲ್ಲ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಇರಬಹುದು, ಕೆಲಸ ಮಾಡುವುದಿಲ್ಲ. ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು, ಮನೆಯಲ್ಲಾದರೆ ಫ್ರಿಜ್ಜಿನ ಬಾಗಿಲಲ್ಲಿಡಿ, ಫ್ರೀಜರಿನಲ್ಲಲ್ಲ. ಬಳಸುತ್ತಿರುವ ಬಾಟಲಿ 25-30 ಡಿಗ್ರಿಯೊಳಗೆ ಸುಮಾರು 28 ದಿನ ಬಾಳುತ್ತದೆ. ಅದರ ಕಾಗದದಲ್ಲಿ ಬೇರೆ ಅವಧಿ ಬರೆದಿದ್ದರೆ ಅದನ್ನೇ ಪಾಲಿಸಿ. ಹಾಗಾಗಿ ನಾಲ್ಕು ದಿನದ ಕಸುಬಿಗೆ ಹೋಗುವಾಗ ಐಸ್ ಬೇಕಾಗುವುದೇ ಇಲ್ಲ. ದಪ್ಪ ಬಟ್ಟೆಯಲ್ಲಿ ಸುತ್ತಿ, ಮುಚ್ಚಳದ ಡಬ್ಬಿಯೊಳಗಿಟ್ಟು, ಇಂಜಿನ್ ಕೋಣೆಯಿಂದ ದೂರ, ಬಿಸಿಲು ತಾಗದ ಕಡೆ ಇಡಿ. ಏಪ್ರಿಲ್-ಮೇ ಸೆಕೆಗೆ ತಣ್ಣನೆ ಬೇಕಾದರೆ ಡಬ್ಬಿ ಮತ್ತು ಐಸಿನ ನಡುವೆ ಒಣ ಟವೆಲ್ಲಿನ ಎರಡು-ಮೂರು ಸುತ್ತು ಇರಲಿ, ಬಾಟಲಿ ಐಸಿಗೆ ತಾಗಕೂಡದು. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಒದ್ದೆ ಮರಳಿನಲ್ಲಿಟ್ಟ ಮಣ್ಣಿನ ಗಡಿಗೆ ಕೆಲವು ಡಿಗ್ರಿ ಇಳಿಸುತ್ತದೆ. ಕರಾವಳಿಯ ಹವೆಯಲ್ಲಿ ತೇವ ಹೆಚ್ಚಿರುವುದರಿಂದ ಒಣ ಸೀಮೆಯಷ್ಟು ತಂಪು ಸಿಗುವುದಿಲ್ಲ, ಗಾಳಿಯಾಡುವ ನೆರಳಲ್ಲಿಡಿ.

ಬೋಟಿನವರಿಗೆ ಇನ್ನೊಂದು ಅಪಾಯ ಬಲೆ ಎಳೆಯುವಾಗ. ಸ್ನಾಯು ದುಡಿದಷ್ಟೂ ಸಕ್ಕರೆ ಹೀರುತ್ತದೆ, ಊಟ ತಡವಾದರೆ 70ಕ್ಕಿಂತ ಕೆಳಗಿಳಿಯುತ್ತದೆ. ಕೈ ನಡುಕ, ತಣ್ಣನೆ ಬೆವರು, ಕಣ್ಣು ಮಂಜು, ಸಿಟ್ಟು ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಕಾದು ಮತ್ತೆ ನೋಡಿ, ಆಮೇಲೆ ಊಟ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ, ಉಸಿರ ನಾಳಕ್ಕೆ ಹೋಗುತ್ತದೆ. ಜೊತೆಗಿರುವ ತಾಂಡೇಲನಿಗೆ (ಬೋಟಿನ ಮುಖ್ಯಸ್ಥ) ಇದು ಮೊದಲೇ ಗೊತ್ತಿರಬೇಕು.

ಸಿರಿಂಜಿನ ಮುಚ್ಚಳ ಕೆಂಪು ಇದ್ರೇನು, ಕಿತ್ತಳೆ ಇದ್ರೇನು?

ಜೀವದ ಪ್ರಶ್ನೆ. ನಮ್ಮಲ್ಲಿ ಬಾಟಲಿ ಇನ್ಸುಲಿನ್ ಹೆಚ್ಚಾಗಿ ಮಿಲಿಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. 100 ಯೂನಿಟ್ಟಿನದಕ್ಕೆ ಕಿತ್ತಳೆ. 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಔಷಧಿ ಅಂಗಡಿಯಲ್ಲೇ ಬಾಟಲಿಯ ಅಂಕಿ ಮತ್ತು ಸಿರಿಂಜಿನ ಅಂಕಿ ಒಟ್ಟಿಗೆ ಹಿಡಿದು ನೋಡಿ. ಹಾಲಿನಂತೆ ಮಸುಕಾಗಿರುವ ಇನ್ಸುಲಿನ್ನನ್ನು ಅಂಗೈ ನಡುವೆ ಹತ್ತು-ಇಪ್ಪತ್ತು ಸಲ ಉರುಳಿಸಿ, ಕುಲುಕಬೇಡಿ. ಗಂಟು ಕಂಡರೆ ಎಸೆಯಿರಿ. ಒಂದೇ ಜಾಗಕ್ಕೆ ಚುಚ್ಚುತ್ತಾ ಹೋದರೆ ಅಲ್ಲಿ ಕೊಬ್ಬು ಗಡ್ಡೆ ಕಟ್ಟಿ ಇನ್ಸುಲಿನ್ ಸರಿಯಾಗಿ ಏರುವುದಿಲ್ಲ, ದಿನವೂ ಒಂದು ಬೆರಳಿನಷ್ಟು ಸರಿಸಿ.

ಏಕಾದಶಿ ಅಥವಾ ರಂಜಾನ್ ಉಪವಾಸ ಮಾಡಬಹುದಾ?

ಆಹಾರ ಇಲ್ಲದಾಗ ಗ್ಲುಕಗಾನ್, ಕಾರ್ಟಿಸಾಲ್, ಅಡ್ರಿನಲಿನ್ ಸೇರಿ ಯಕೃತ್ತಿನಿಂದ ಸಕ್ಕರೆ ತೆಗೆಸಿ ಮೈಯನ್ನು ನಡೆಸುತ್ತವೆ. ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ಗುಳಿಗೆ ಅಥವಾ ಇನ್ಸುಲಿನ್ ಮೈಯಲ್ಲಿದ್ದರೆ ಆ ರಕ್ಷಣೆ ಸಾಲದು. ಮೆಟ್‌ಫಾರ್ಮಿನ್ ಒಂದೇ ತೆಗೆದುಕೊಳ್ಳುವವರಿಗೆ ಅಪಾಯ ಕಮ್ಮಿ. ಒಂದು ತಿಂಗಳು ಮೊದಲೇ ವೈದ್ಯರ ಬಳಿ ಹೋಗಿ ಹೊತ್ತು, ಪ್ರಮಾಣ ಬದಲಿಸಿಕೊಳ್ಳಿ. ಬೆರಳು ಚುಚ್ಚಿ ನೋಡಿದಾಗ 70ಕ್ಕಿಂತ ಕಮ್ಮಿ ಅಥವಾ 300ಕ್ಕಿಂತ ಹೆಚ್ಚಿದ್ದರೆ ಆ ಕ್ಷಣವೇ ಉಪವಾಸ ಮುರಿಯಬೇಕು. ಟೈಪ್ 1ರವರು (ಮೈಯಲ್ಲಿ ಇನ್ಸುಲಿನ್ನೇ ಹುಟ್ಟದವರು), ಬಸುರಿಯರು, ಮೂತ್ರಪಿಂಡ ಕೆಟ್ಟವರು ಉಪವಾಸಕ್ಕೆ ಹೋಗದಿರುವುದೇ ಸರಿ.

## ಹೆಂಗಸರು, ಬಾಣಂತಿಯರು

ಮಗಳಿಗೆ ಸ್ಕ್ಯಾನಿನಲ್ಲಿ ಪಿಸಿಓಡಿ ಅಂತ ಬಂದಿದೆ. ಮದುವೆಗೆ ತೊಂದರೆಯಾ?

ಪಿಸಿಓಡಿ ಅಂದರೆ ಅಂಡಾಶಯದ ಹಾರ್ಮೋನು ಏರುಪೇರಿನ ತೊಂದರೆ. ಬರೀ ಸ್ಕ್ಯಾನ್ ನೋಡಿ ಅದು ಇದೆ ಎಂದು ಹೇಳಲಾಗದು. ಮುಟ್ಟಿನ ಏರುಪೇರು, ಗಂಡು ಹಾರ್ಮೋನು ಹೆಚ್ಚಾದ ಗುರುತು (ಗಲ್ಲದ ಕೂದಲು, ಹಟಮಾರಿ ಮೊಡವೆ, ರಕ್ತದಲ್ಲಿ ಟೆಸ್ಟೋಸ್ಟೆರಾನ್), ಸ್ಕ್ಯಾನಿನಲ್ಲಿ ಬಹಳ ಕಿರುಕೋಶಗಳು, ಈ ಮೂರರಲ್ಲಿ ಎರಡು ಬೇಕು. ದೊಡ್ಡವಳಾಗಿ ಎಂಟು ವರ್ಷದೊಳಗಿನ ಹುಡುಗಿಯರಲ್ಲಿ ಸ್ಕ್ಯಾನ್ ಲೆಕ್ಕಕ್ಕೇ ಬರುವುದಿಲ್ಲ, ಆ ವಯಸ್ಸಿನಲ್ಲಿ ಅಂಡಾಶಯ ಹಾಗೆಯೇ ಕಾಣುತ್ತದೆ. ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು) ಮೊದಲು ನೋಡಬೇಕು, ಅವೂ ಮುಟ್ಟು ತಪ್ಪಿಸುತ್ತವೆ.

ನಿಜವಾಗಿ ಇದ್ದರೂ ಮಕ್ಕಳಾಗುವುದಿಲ್ಲ ಎಂದು ಅರ್ಥವಲ್ಲ. ತೂಕ ಹೆಚ್ಚಿದ್ದವರು ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸಿದರೆ ಹಲವರಿಗೆ ಮುಟ್ಟು ತಾನಾಗಿ ಸರಿಯಾಗುತ್ತದೆ. ಮೂರು ತಿಂಗಳಾದರೂ ಮುಟ್ಟಾಗದಿದ್ದರೆ ಸುಮ್ಮನಿರಬಾರದು. ಪ್ರೊಜೆಸ್ಟೆರಾನ್ ಬಾರದೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ. ಮದುವೆ ಮಾತಿನ ಮನೆಗಳಲ್ಲಿ ಈ ಒಂದು ಪದ ಹುಡುಗಿಯರಿಗೆ ಕೊಟ್ಟಿರುವ ಸಂಕಟ ಕಾಯಿಲೆಗಿಂತ ದೊಡ್ಡದು.

ಹೆರಿಗೆಯಾಗಿ ಎರಡು ದಿನವಾದ್ರೂ ಹಾಲು ಬರ್ಲಿಲ್ಲ. ಬಾಣಂತಿಗೆ ನೀರು ಕೊಡಬಾರದು ಅಂತಾರಲ್ಲ, ಹೌದಾ?

ಮಾಸು ಹೊರಬಿದ್ದ ಮೇಲೆ ಪ್ರೊಜೆಸ್ಟೆರಾನ್ ಇಳಿಯುತ್ತದೆ, ಆಗಲೇ ಪ್ರೊಲ್ಯಾಕ್ಟಿನ್ ಕೆಲಸ ಶುರು. ತುಂಬು ಹಾಲು ಬರುವುದು ಮೂರು-ನಾಲ್ಕನೇ ದಿನ. ಅಲ್ಲಿಯವರೆಗೆ ಬರುವ ಹಳದಿ ಗಿಣ್ಣು ಹಾಲು ಕೆಲವೇ ಚಮಚ, ಮಗುವಿಗೆ ಅಷ್ಟೇ ಸಾಕು. ಮಗು ಚೀಪಿದಷ್ಟೂ ಪ್ರೊಲ್ಯಾಕ್ಟಿನ್, ಚೀಪಿದಾಗ ಆಕ್ಸಿಟೋಸಿನ್ ಹಾಲನ್ನು ಹೊರದೂಡುತ್ತದೆ. ದಿನಕ್ಕೆ 8ರಿಂದ 12 ಸಲ, ರಾತ್ರಿಯೂ ಸೇರಿ. ನೋವು, ಹೆದರಿಕೆ, "ಹಾಲಿಲ್ಲ" ಎಂದು ಸುತ್ತಲಿನವರ ಮಾತು ಆಕ್ಸಿಟೋಸಿನ್ ತಡೆಯುತ್ತವೆ. ನೀರು ತಡೆಯುವುದರಿಂದ ಯಾವ ಲಾಭವೂ ಇಲ್ಲ. ಬಾಯಾರಿದಷ್ಟು ಕೊಡಿ.

## ಆಳದ ಪ್ರಶ್ನೆಗಳು

ಮಳೆಗಾಲದಲ್ಲಿ ವಿಟಮಿನ್ ಡಿ ಕಮ್ಮಿ ಅಂತ ಪುಡಿ ಪೊಟ್ಟಣ ಕೊಟ್ರು. ದಿನಾ ತಗೊಂಡ್ರೆ ಬೇಗ ಏರೂದಾ?

ಆ ಪೊಟ್ಟಣದಲ್ಲಿರುವುದು 60,000 ಯೂನಿಟ್. ವಾರಕ್ಕೊಂದು, ಸಾಮಾನ್ಯವಾಗಿ ಎಂಟು ವಾರ. ದಿನವೂ ತಿಂದರೆ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಗೊಂದಲ, ಮೂತ್ರಪಿಂಡಕ್ಕೆ ಪೆಟ್ಟು. ವಿಟಮಿನ್ ಡಿ ಚರ್ಮದಲ್ಲಿ ಹುಟ್ಟಿ, ಯಕೃತ್ತು ಮತ್ತು ಮೂತ್ರಪಿಂಡದಲ್ಲಿ ಬದಲಾಗಿ ಹಾರ್ಮೋನಿನಂತೆಯೇ ಕೆಲಸ ಮಾಡುತ್ತದೆ. ಕೊಬ್ಬಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಬೇಡವೆಂದರೂ ಬೇಗ ಹೋಗುವುದಿಲ್ಲ.

ದಮ್ಮು, ಸಂದು ನೋವಿಗೆ ಒಂದು ಪುಡಿ ತಗಂಡೆ, ಮೂರೇ ದಿನಕ್ಕೆ ಗುಣ. ಈಗ ಬಿಟ್ರೆ ಏಳೂಕಾಗೂದಿಲ್ಲ. ಎಂತ ಆಯ್ತು?

ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಸಿಕ್ಕಿದೆ. ಮೂರು ದಿನದಲ್ಲಿ ಹಳೇ ನೋವು ಮಾಯವಾದರೆ ಅನುಮಾನಿಸಿ. ಮುಖ ದುಂಡಗಾಗುವುದು, ಕೈಕಾಲು ಸಣ್ಣಗಾಗಿ ಹೊಟ್ಟೆ ಬರುವುದು, ಹೊಟ್ಟೆ ಮೇಲೆ ನೇರಳೆ ಗೀರು, ಸ್ವಲ್ಪ ತಾಗಿದರೂ ನೀಲಿಗಟ್ಟುವುದು, ಹೊಸದಾಗಿ ಸಕ್ಕರೆ: ಇವು ಗುರುತು.

ಅಡ್ರಿನಲ್ ದಿನಕ್ಕೆ ಹತ್ತಿಪ್ಪತ್ತು ಮಿಲಿಗ್ರಾಂ ಕಾರ್ಟಿಸಾಲ್ (ಮೈಯದೇ ಸ್ಟೀರಾಯ್ಡ್) ಮಾಡುತ್ತದೆ, ಬೆಳಿಗ್ಗೆ ಎಂಟರ ಸುಮಾರಿಗೆ ಹೆಚ್ಚು, ನಡುರಾತ್ರಿ ತೀರಾ ಕಮ್ಮಿ. ಹೊರಗಿನಿಂದ ಸ್ಟೀರಾಯ್ಡ್ ಬಂದಾಗ ಪಿಟ್ಯುಟರಿ ಸುಮ್ಮನಾಗುತ್ತದೆ, ಮೂರು-ನಾಲ್ಕು ವಾರ ದಾಟಿದರೆ ಅಡ್ರಿನಲ್ ಕುಗ್ಗುತ್ತದೆ. ಹಠಾತ್ತನೆ ನಿಲ್ಲಿಸಿದರೆ ಮೈಯಲ್ಲಿ ಎರಡೂ ಇಲ್ಲ. ವಾಂತಿ, ರಕ್ತದೊತ್ತಡ ಕುಸಿತ, ಸಕ್ಕರೆ ಇಳಿತ, ಜೀವಕ್ಕೇ ಬರಬಹುದು. ಪುಡಿ ಸಮೇತ ಆಸ್ಪತ್ರೆಗೆ ಹೋಗಿ, ಮುಚ್ಚಿಡಬೇಡಿ. ವೈದ್ಯರು ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಕೊಟ್ಟು ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ ಇಳಿಸುತ್ತಾರೆ. ಆ ಅವಧಿಯಲ್ಲಿ ಜ್ವರ ಬಂದರೆ, ಶಸ್ತ್ರಚಿಕಿತ್ಸೆ ಇದ್ದರೆ ಪ್ರಮಾಣ ಏರಿಸಬೇಕಾಗುತ್ತದೆ, ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ.

ತೋಟದಲ್ಲಿ ಕೊಳಕುಮಂಡಲ ಕಚ್ಚಿ ಬದುಕಿ ಬಂದ್ರು. ವರ್ಷವಾದ್ರೂ ಸುಸ್ತು ಹೋಗ್ಲಿಲ್ಲ, ಥೈರಾಯ್ಡ್ ರಿಪೋರ್ಟ್ ಸರಿ ಇದೆ. ಮತ್ತೆ ಎಂತಕ್ಕೆ?

ಈ ಪ್ರಶ್ನೆ ಇನ್ನೂ ಹೆಚ್ಚು ಜನ ಕೇಳಬೇಕಿತ್ತು. ಕೊಳಕುಮಂಡಲದ ವಿಷ ರಕ್ತನಾಳಗಳೊಳಗೆ ಹೆಪ್ಪು ಕಟ್ಟಿಸುತ್ತದೆ, ರಕ್ತಸ್ರಾವವನ್ನೂ ಮಾಡಿಸುತ್ತದೆ. ಮೂತ್ರಪಿಂಡ ಕೆಡುವುದು ಎಲ್ಲರಿಗೂ ಗೊತ್ತು. ಪಿಟ್ಯುಟರಿಗೂ ಹಾಗೆಯೇ ಪೆಟ್ಟು ಬೀಳುತ್ತದೆ, ದಕ್ಷಿಣ ಭಾರತ, ಶ್ರೀಲಂಕಾ, ಮ್ಯಾನ್ಮಾರ್‌ನಿಂದ ಇದು ವರದಿಯಾಗಿದೆ. ಲಕ್ಷಣ ಕಾಣಲು ತಿಂಗಳು, ಕೆಲವೊಮ್ಮೆ ವರ್ಷ ಹಿಡಿಯುತ್ತದೆ: ಎದ್ದರೆ ತಲೆ ತಿರುಗುವುದು, ಹಸಿವಿಲ್ಲದಿರುವುದು, ಕಂಕುಳ ಕೂದಲು ಉದುರುವುದು, ಗಡ್ಡ ಬೆಳೆಯದಿರುವುದು, ಮುಟ್ಟು ನಿಲ್ಲುವುದು, ಪದೇ ಪದೇ ಸಕ್ಕರೆ ಇಳಿಯುವುದು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಆಮೇಲೆ ಹಾಲೂ ಬಾರದೆ ಮುಟ್ಟೂ ಬಾರದೆ ಉಳಿದ ಹೆಂಗಸರಲ್ಲೂ ನಡೆದಿರುವುದು ಇದೇ.

ಇಲ್ಲಿ ಟಿಎಸ್‌ಎಚ್ ಮೋಸ ಮಾಡುತ್ತದೆ. ಅದನ್ನು ಬಿಡಬೇಕಾದ ಪಿಟ್ಯುಟರಿಯೇ ಕೆಟ್ಟಿರುವಾಗ ಟಿ4 ಇಳಿದರೂ ಟಿಎಸ್‌ಎಚ್ ಏರುವುದಿಲ್ಲ, ರಿಪೋರ್ಟ್ "ನಾರ್ಮಲ್" ಎನ್ನುತ್ತದೆ. ಬೆಳಿಗ್ಗೆ ಎಂಟರ ಕಾರ್ಟಿಸಾಲ್, ಫ್ರೀ ಟಿ4, ಅಂಡಾಶಯ-ವೃಷಣಗಳನ್ನು ನಡೆಸುವ ಪಿಟ್ಯುಟರಿ ಹಾರ್ಮೋನುಗಳಾದ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್, ಗಂಡಸರಿಗೆ ಟೆಸ್ಟೋಸ್ಟೆರಾನ್ ಒಟ್ಟಿಗೆ ನೋಡಬೇಕು. ಆ ಕಾರ್ಟಿಸಾಲ್ 3ಕ್ಕಿಂತ ಕಮ್ಮಿ ಇದ್ದರೆ ಕೊರತೆ ಬಹುತೇಕ ಖಚಿತ, 15-18 ದಾಟಿದ್ದರೆ ಇಲ್ಲವೆನ್ನಬಹುದು, ನಡುವೆ ಬಂದರೆ ಇಂಜೆಕ್ಷನ್ ಕೊಟ್ಟು ಮಾಡುವ ಪರೀಕ್ಷೆ ಬೇಕು.

ಚಿಕಿತ್ಸೆಯಲ್ಲಿ ಕ್ರಮ ಮುಖ್ಯ: ಮೊದಲು ಹೈಡ್ರೋಕಾರ್ಟಿಸೋನ್ (ಔಷಧಿಯಾಗಿ ಕೊಡುವ ಕಾರ್ಟಿಸಾಲ್), ಆಮೇಲೆ ಥೈರಾಕ್ಸಿನ್. ಥೈರಾಕ್ಸಿನ್ ಮೊದಲು ಕೊಟ್ಟರೆ ಇದ್ದಬದ್ದ ಕಾರ್ಟಿಸಾಲ್ ಬೇಗ ಖರ್ಚಾಗಿ ರೋಗಿ ಕುಸಿಯಬಹುದು. ಇಂಥವರು "ನನಗೆ ಕಾರ್ಟಿಸಾಲ್ ಕೊರತೆ ಇದೆ, ಪ್ರಜ್ಞೆ ತಪ್ಪಿದರೆ ಅಥವಾ ವಾಂತಿ ನಿಲ್ಲದಿದ್ದರೆ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಇಂಜೆಕ್ಷನ್ ಬೇಕು" ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ವೈದ್ಯರಿಂದ ಬರೆಸಿದ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಸದಾ ಕಿಸೆಯಲ್ಲಿಟ್ಟುಕೊಳ್ಳಬೇಕು, ತೋಟಕ್ಕೆ ಹೋಗುವಾಗಲೂ.